ಚುಕ್ಕೆ ಮಾಯವಾದ ಮಧ್ಯಾಹ್ನ

ಪಾಪೆ ಅರಳುವ ಔಷಧಿ ಹಾಕಿ ಅಪ್ಪನನ್ನು ಹೊರಗೆ ಕೂರಿಸಿದ್ದರು. ಬೆಳಗಿನ ಪರೀಕ್ಷೆಗಳಲ್ಲೇ ಗ್ಲಾಕೋಮಾ, ಅಂದರೆ ಕಣ್ಣಿನ ನರ ಮೆಲ್ಲಗೆ ಹಾಳಾಗುವ ರೋಗ, ಎಂದು ಗೊತ್ತಾಗಿತ್ತು. ಬಲಗಣ್ಣಿನ ನೋಟದಲ್ಲಿ ಮೇಲಿನ ಒಂದು ದೊಡ್ಡ ಪಾಲು ಹೋಗಿದೆ, ಅದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಬೇಕು ಅಂದರು ಡಾಕ್ಟರು. ಅಪ್ಪ ಒಪ್ಪಲಿಲ್ಲ. ‘ನನಗೆ ಎಲ್ಲ ಕಾಣ್ತಿದೆಯಲ್ಲ?’

ಲೋಕವನ್ನು ಮಾಡಿದ ದೇವರೊಬ್ಬ ಇದ್ದಾನೆಯೇ ಎಂಬ ನಮ್ಮಿಬ್ಬರ ಹಳೇ ವಾದದ ನಡುವೆ ಯಾವಾಗಲೂ ಈ ಕಣ್ಣೇ ಇರುತ್ತಿತ್ತು. ಮಡಕೆ ಇದ್ದ ಮೇಲೆ ಕುಂಬಾರ ಇರಲೇಬೇಕು, ಹಾಗೆಯೇ ಭೂಮಿಗೂ ಮೊಳಕೆಗೂ ಒಬ್ಬ ಕರ್ತೃ ಇರಬೇಕು ಎಂಬ ನೈಯಾಯಿಕರ, ಅಂದರೆ ನ್ಯಾಯದರ್ಶನದ ಪಂಡಿತರ, ತರ್ಕ ಅಪ್ಪನಿಗೆ ಬಾಯಿಪಾಠ. ಗಡಿಯಾರ ಕಂಡರೆ ಅದನ್ನು ಮಾಡಿದವನೊಬ್ಬ ಇದ್ದಾನೆ ಅನ್ನುತ್ತೇವೆ, ಲೋಕವೂ ಹಾಗೆಯೇ ಎಂದು 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಬರೆದ ಹೋಲಿಕೆಯೂ ಗೊತ್ತು. ದೂರದರ್ಶಕ ನೋಟಕ್ಕೆ ನೆರವಾಗಲೆಂದು ಮಾಡಿದ್ದಾದರೆ ಕಣ್ಣು ನೋಡಲೆಂದೇ ಮಾಡಿದ್ದು ಎಂಬ ಪೇಲಿಯ ಮಾತು ಅವರಿಗೆ ಬಹಳ ಪ್ರಿಯ.

ನಾನು ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಹುತ್ತವನ್ನು ಮುಂದಿಡುತ್ತಿದ್ದೆ. ಹುತ್ತವೂ ಮಣ್ಣಿನದೇ, ಹಾಗಂತ ಅದನ್ನೂ ಕುಂಬಾರನೇ ಮಾಡಿದ ಅನ್ನೋಣವೇ? ಮಡಕೆ ಮಾಡುವುದನ್ನು ಕಂಡಿದ್ದೇವೆ, ಲೋಕ ಮಾಡುವುದನ್ನು ಕಂಡವರಿಲ್ಲ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಸತ್ತ ಮೇಲೆ 1779ರಲ್ಲಿ ಹೊರಬಂದ ಸಂವಾದದಲ್ಲಿ ಇನ್ನೂ ಕಠಿಣವಾದ ಪ್ರಶ್ನೆಯಿದೆ: ಮಾಡಿದವರಿದ್ದಾರೆ ಎಂದೇ ಇಟ್ಟುಕೊಳ್ಳಿ, ಒಬ್ಬನೇ ಎಂದು ಹೇಗೆ ಗೊತ್ತು? ಹಡಗು ಕಟ್ಟಲು ಎಷ್ಟೋ ಕೈ ಬೇಕಲ್ಲ.

ಕಾಯುತ್ತಾ ಕೂತಾಗ ಔಷಧಿ ಚೀಟಿಯ ಹಿಂದೆ ಎಡಕ್ಕೊಂದು ಕೂಡು ಗುರುತು, 8 ಸೆಂ.ಮೀ. ಬಲಕ್ಕೊಂದು ಚುಕ್ಕೆ ಬರೆದೆ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕೂಡು ಗುರುತಿನ ಮೇಲೇ ನೆಟ್ಟು, ಚೀಟಿಯನ್ನು ಮೆಲ್ಲಗೆ ಹತ್ತಿರ ತಂದೆ. ಸುಮಾರು 30 ಸೆಂ.ಮೀ. ದೂರದಲ್ಲಿ ಚುಕ್ಕೆ ಹೊರಟುಹೋಯಿತು.

‘ಅಲ್ಲಿ ಏನು ಕಾಣುತ್ತೆ?’ ಅಪ್ಪ ಕೇಳಿದರು. ಅವರಿಗೆ ಆಗ ಹತ್ತಿರದ್ದೆಲ್ಲ ಮಸುಕು.

‘ಬರೀ ಬಿಳಿ ಕಾಗದ. ತೂತೂ ಇಲ್ಲ, ಕಪ್ಪೂ ಇಲ್ಲ.’

ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರ ಅಕ್ಷಿಪಟ; ಅದರ ನರತಂತುಗಳು ಬೆಳಕು ಬರುವ ಕಡೆಗೇ ಹಾಸಿಕೊಂಡಿವೆ. ಹತ್ತು ಲಕ್ಷದಷ್ಟು ತಂತುಗಳು ಒಂದೇ ಕಡೆ ಸೇರಿ ಪಟವನ್ನು ತೂರಿ ಹಿಂದಕ್ಕೆ ಹೋಗುತ್ತವೆ. ಆ ಜಾಗದಲ್ಲಿ ನೋಟವಿಲ್ಲ. ಆಕ್ಟೋಪಸ್ಸಿನ ಕಣ್ಣಿನಲ್ಲಿ ನರಗಳು ಹಿಂದಿನಿಂದಲೇ ಹೊರಡುವುದರಿಂದ ಅದಕ್ಕೆ ಈ ಕುರುಡುಚುಕ್ಕೆಯೇ ಇಲ್ಲ. ಬುದ್ಧಿಯುಳ್ಳ ಕರ್ತೃ ಹೀಗೆ ಮಾಡುತ್ತಿದ್ದನೇ ಎಂದು ಇದನ್ನು ಹಿಡಿದು ಹಿಂದೆ ನಾನು ಗೆದ್ದೆನೆಂದು ಬೀಗಿದ್ದೂ ಇದೆ. ಅದು ಸರಿಯಲ್ಲ. ನಮ್ಮ ಕಣ್ಣಿನ ಈ ಜೋಡಣೆಯಿಂದ ಬೆಳಕು ಹಿಡಿಯುವ ಕೋಶಗಳು ಹಿಂದಿನ ರಕ್ತನಾಳಗಳ ಪದರಕ್ಕೆ ಹತ್ತಿರವಿರುತ್ತವೆ, ಅದರಿಂದ ಲಾಭವೂ ಉಂಟು. ರಚನೆ ಇದ್ದರೆ ರಚಿಸಿದವನಿರಬೇಕು ಎಂಬ ವಿನ್ಯಾಸವಾದಕ್ಕೆ ನಿಜವಾದ ಪೆಟ್ಟು ಕೊಟ್ಟದ್ದು 1859ರಲ್ಲಿ ಡಾರ್ವಿನ್. ಸಣ್ಣ ಸಣ್ಣ ಬದಲಾವಣೆಗಳು ತಲೆಮಾರುಗಳಗುಂಟ ಉಳಿದು ಕೂಡುತ್ತಾ ಹೋದರೆ ಕಣ್ಣಿನಂಥದ್ದೂ ರೂಪುಗೊಳ್ಳಬಹುದು ಎಂದು ಅವನು ತೋರಿಸಿದ. ಅಲ್ಲಿಂದಾಚೆಗೆ ಕಣ್ಣೊಂದನ್ನೇ ತೋರಿಸಿ ಕರ್ತೃವನ್ನು ಸಾಧಿಸಲು ಆಗದು ಎಂದೇ ನಾನು ಇವತ್ತಿಗೂ ನಂಬಿದ್ದೇನೆ.

ಆದರೆ ಆ ಬೆಂಚಿನ ಮೇಲೆ ಯಾವ ವಾದವೂ ಬಾಯಿಗೆ ಬರಲಿಲ್ಲ. ಅಪ್ಪನ ನೋಟ ಹೋದದ್ದೂ ಹೀಗೆಯೇ. ಇಲ್ಲದ ಕಡೆ ಮಿದುಳು ಸುತ್ತಲಿನದನ್ನೇ ಎಳೆದು ತುಂಬಿಸಿಬಿಟ್ಟಿತ್ತು. ವರ್ಷಗಳ ಕಾಲ ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

‘ಇದನ್ನೂ ಅವನೇ ಮಾಡಿದನಾ ಅಪ್ಪಾ?’ ಕೇಳಬಾರದಿತ್ತು, ಕೇಳಿಬಿಟ್ಟೆ.

ಅವರು ಸುಮಾರು ಹೊತ್ತು ಸುಮ್ಮನಿದ್ದರು. ‘ಕಣ್ಣು ನೋಡಿ ನಾನು ನಂಬಿದ್ದಲ್ಲ ಕಣೋ. ನಂಬಿಕೆ ಮೊದಲೇ ಇತ್ತು. ನೀನು ಒಪ್ಪಲಿ ಅಂತ ಕಣ್ಣಿನ ಮಾತು ತೆಗೀತಿದ್ದೆ.’

ಇಷ್ಟು ವರ್ಷ ನಾನು ಖಂಡಿಸುತ್ತಿದ್ದದ್ದು ಅವರ ನಂಬಿಕೆಯ ಬುಡವನ್ನೇ ಅಂದುಕೊಂಡಿದ್ದೆ.

ಮರುದಿನ ಕಣ್ಣು ತಿಳಿಯಾದ ಮೇಲೆ ಅಪ್ಪ ಅದೇ ಚೀಟಿ ಕೇಳಿದರು. ಬಲಗಣ್ಣು ಮುಚ್ಚಿ, ಚೆನ್ನಾಗಿರುವ ಎಡಗಣ್ಣಿಗೆಂದು ಚೀಟಿಯನ್ನು ತಲೆಕೆಳಗು ಹಿಡಿದರು. ಕೈ ಸಣ್ಣಗೆ ನಡುಗುತ್ತಿತ್ತು. ‘ಹೋಯ್ತು’ ಅಂದರು. ಇನ್ನಷ್ಟು ಹತ್ತಿರ ತಂದು ‘ಬಂತು’ ಅಂದರು. ಆಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದರು.