ಸಾವಿರದೊಂದು ಮೂರ್ತಿ, ಅಮ್ಮನ ಲೆಕ್ಕ

ಜಪಾನಿನ ಕ್ಯೋಟೋಗೆ ಹೋದವರೆಲ್ಲ ಮೊದಲು ಓಡುವುದು ಕಿಂಕಾಕುಜಿಗೆ. ಕೊಳದ ದಂಡೆಯಲ್ಲಿ ಚಿನ್ನದ ಹಾಳೆ ಹೊದ್ದ ಮಂಟಪ. 1950ರಲ್ಲಿ ಸುಟ್ಟುಹೋಗಿ 1955ರಲ್ಲಿ ಮತ್ತೆ ಎದ್ದದ್ದು. ಒಳಗೆ ಬಿಡುವುದಿಲ್ಲ. ಫೋಟೋ ತೆಗೆದುಕೊಂಡು ಜನರ ಹಿಂದೆ ಜನರಾಗಿ ಹೊರಗೆ ಬಂದೆವು. ಅದಕ್ಕೇ ಮಧ್ಯಾಹ್ನ ಅಮ್ಮನನ್ನು ಸಾಂಜುಸಾಂಗೆಂದೋ ಎಂಬ ಬೌದ್ಧ ದೇವಾಲಯಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಫೋಟೋ ತೆಗೆಯುವ ಹಾಗೇ ಇಲ್ಲ. ನನ್ನ ಕೇಳಿದರೆ ಅದೇ ಒಳ್ಳೆಯದು.

ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಸುಮಾರು 120 ಮೀಟರ್ ಉದ್ದದ ಮರದ ಕಟ್ಟಡ. ನಡುವೆ ದೊಡ್ಡದಾಗಿ ಕುಳಿತ ಸಾವಿರ ಕೈಯ ಕನ್ನೊನ್, ಅಂದರೆ ನಮ್ಮ ಕಡೆಯಿಂದ ಹೋದ ಅವಲೋಕಿತೇಶ್ವರ, ಬೌದ್ಧರ ಕರುಣೆಯ ಬೋಧಿಸತ್ವ. ಎರಡೂ ಬದಿಗೆ ಐನೂರೈನೂರು ನಿಂತ ಮೂರ್ತಿಗಳು, ಸಾಲು ಸಾಲಾಗಿ, ಮಬ್ಬು ಬೆಳಕಲ್ಲಿ ಹೊಳೆಯುತ್ತಾ. ಒಂದು ಮುಖದ ಹಾಗೆ ಇನ್ನೊಂದಿಲ್ಲ. 1249ರ ಬೆಂಕಿಯಲ್ಲಿ ಹಳೆಯ ಕಟ್ಟಡ ಹೋಯಿತು, 124 ಮೂರ್ತಿಗಳಷ್ಟೇ ಉಳಿದವು. ಈಗಿರುವ ಕಟ್ಟಡ 1266ರದ್ದು.

ಅಮ್ಮ ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟವಳು. "ಸಾವಿರ ಕೈ ಅಂದೆಯಲ್ಲ, ಎಲ್ಲಿದೆ?" ಅಂತ ಎಣಿಸಲು ಶುರು ಮಾಡಿದಳು. ಮುಗಿದ ಎರಡು ಕೈ ಬಿಟ್ಟರೆ ಇರುವುದು 40. ಒಂದೊಂದು ಕೈ 25 ಲೋಕಗಳನ್ನು ಕಾಯುತ್ತದೆ ಅನ್ನುವುದು ನಂಬಿಕೆ ಅಂತ ಹೇಳಿದೆ. "ನಾಲ್ವತ್ತಿಪ್ಪತ್ತೈದ್ಲಿ ಸಾವಿರ. ಸರಿ ಹಾಗಾದ್ರೆ" ಅಂದಳು. ಆಮೇಲೇ ಕೈ ಮುಗಿದದ್ದು.

ನನಗೆ ಇಷ್ಟವಾದದ್ದು ಮುಂದಿನ ಸಾಲು. ಅಲ್ಲಿ 28 ಕಾವಲು ದೇವತೆಗಳಿದ್ದಾರೆ. ಬ್ರಹ್ಮ, ಇಂದ್ರ, ಮೂರು ಮುಖದ ಅಸುರ, ಎಲುಬು ಕಾಣುವಷ್ಟು ಬಡಕಲಾದ ಮುದುಕ ಋಷಿ. ಎರಡು ತುದಿಯಲ್ಲಿ, ಮೋಡದ ಮೇಲೆ, ಗಾಳಿಯ ಮೂಟೆ ಹೊತ್ತ ವಾಯು ಮತ್ತು ಸುತ್ತ ಡೋಲುಗಳನ್ನು ಕಟ್ಟಿಕೊಂಡ ಗುಡುಗಿನ ದೇವರು. ಅಮ್ಮ ಗಕ್ಕನೆ ನಿಂತದ್ದು ಗರುಡನ ಮುಂದೆ. ಬೇಲೂರಿನಲ್ಲಿ ಚೆನ್ನಕೇಶವನಿಗೆ ಎದುರಾಗಿ ಕೈ ಮುಗಿದು ನಿಂತಿರುವವನು ಇಲ್ಲಿ ಹಕ್ಕಿಯ ಕೊಕ್ಕಿಗೆ ಕೊಳಲು ಹಿಡಿದಿದ್ದಾನೆ! "ಕೃಷ್ಣನ ಕೊಳಲು ಇವನ ಕೈಗೆ ಹೇಗೆ ಬಂತೋ?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ. ಪಕ್ಕದ ಜಪಾನಿ ಅಜ್ಜಿಯೊಬ್ಬರು ನಮ್ಮ ಗಲಾಟೆ ಕೇಳಿ ನಕ್ಕರು, ಅಮ್ಮನೂ ನಕ್ಕಳು.

ಮೂರ್ತಿಗಳ ಹಿಂದಿನ ಓಣಿಯಲ್ಲಿ ಇನ್ನೊಂದು ಕತೆ ಇದೆ. ಹಿಂದೆಲ್ಲ ಈ ಕಟ್ಟಡದ ಪಡಸಾಲೆಯ ಒಂದು ತುದಿಯಲ್ಲಿ ಕೂತು, ಸೂರಿಗೆ ತಾಗದ ಹಾಗೆ, ಇನ್ನೊಂದು ತುದಿ ಮುಟ್ಟುವಂತೆ ಬಾಣ ಬಿಡುವ ಪಂದ್ಯ ನಡೆಯುತ್ತಿತ್ತು. 1686ರಲ್ಲಿ ವಾಸಾ ದೈಹಾಚಿರೋ ಎಂಬ ಸಮುರಾಯ್ 24 ಗಂಟೆಯಲ್ಲಿ 13,053 ಬಾಣ ಬಿಟ್ಟ. ಅದರಲ್ಲಿ 8,133 ಗುರಿ ಮುಟ್ಟಿದವು.

ಅಮ್ಮ ಗೋಡೆಗೆ ಒರಗಿ ಲೆಕ್ಕ ಹಾಕಿದಳು. "ನಿಮಿಷಕ್ಕೆ ಒಂಬತ್ತು ಬಾಣ. ಊಟ, ನಿದ್ದೆ ಏನೂ ಇಲ್ವಾ ಅವನಿಗೆ? ಅರವತ್ತೆರಡು ಪರ್ಸೆಂಟ್ ಬರುತ್ತೆ. ಫಸ್ಟ್ ಕ್ಲಾಸೇ ಬಿಡು."

ಈಗಲೂ ಜನವರಿಯಲ್ಲಿ ಇಲ್ಲಿ ಬಿಲ್ಲುಗಾರಿಕೆ ನಡೆಯುತ್ತದೆ, ಆದರೆ ಗುರಿ ಬರೀ 60 ಮೀಟರ್ ದೂರ. ಕಿಮೋನೋ ಉಟ್ಟ ಹುಡುಗಿಯರು ಸಾಲಾಗಿ ನಿಂತು ಬಾಣ ಬಿಡುತ್ತಾರೆ. ಅದಕ್ಕೆ ಮತ್ತೆ ಬರೋಣವಾ ಅಂದೆ. ಈ ಚಳಿಯೇ ಜಾಸ್ತಿಯಾಯಿತು, ಜನವರಿಯಂತೂ ಬೇಡವೇ ಬೇಡ ಅಂದಳು ಅಮ್ಮ, ಕಾಲುಚೀಲ ಎಳೆದುಕೊಳ್ಳುತ್ತಾ.