ಬಳೇಪೇಟೆಯ ವೀಣೆ ತಂತಿ, ಹವಾಯಿಯನ್ ಗಿಟಾರ್‌ನ ಶ್ರುತಿ

ಹವಾಯಿಯನ್ ಗಿಟಾರ್ ಶುರು ಮಾಡಿದವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಸಾರ್, ಯಾವ ತಂತಿ ಸೆಟ್ ಹಾಕ್ಲಿ?" ನಾನು ಹೇಳುವುದೂ ಒಂದೇ ಮಾತು. ಸೆಟ್ ಆಮೇಲೆ ನೋಡೋಣ, ಮೊದಲು ಟೇಪ್ ಹಿಡಿದು ಅಳೆಯಿರಿ. ಮೇಲಿನ ನಟ್‌ನಿಂದ (ಬಿರಡೆ ಕಡೆ ತಂತಿ ಕೂರುವ ಪಟ್ಟಿ) ಕೆಳಗಿನ ಕುದುರೆಯವರೆಗೆ (ಇನ್ನೊಂದು ತುದಿಯಲ್ಲಿ ತಂತಿ ಕೂರುವ ಪಟ್ಟಿ) ತಂತಿ ಎಷ್ಟು ಉದ್ದ ಇದೆ? 22.5 ಇಂಚಾ, 25.5 ಇಂಚಾ? ಇದು ಗೊತ್ತಿಲ್ಲದೆ ತಂತಿಯ ಮಾತು ಆಡಿ ಪ್ರಯೋಜನ ಇಲ್ಲ.

ನಾನು ಹೇಳುತ್ತಿರುವುದು ತೊಡೆ ಮೇಲೆ ಮಲಗಿಸಿ, ಎಡಗೈಯಲ್ಲಿ ಸ್ಟೀಲ್ ಬಾರ್ ಜಾರಿಸಿ ನುಡಿಸುವ ಗಿಟಾರ್ ಬಗ್ಗೆ. ಲ್ಯಾಪ್ ಸ್ಟೀಲ್ ಅಂತಲೂ ಕರೆಯುತ್ತಾರೆ. ಪೆಡಲ್ ಇರುವ ದೊಡ್ಡ ಸ್ಟೀಲ್ ಗಿಟಾರ್ ಬೇರೆ. ಅದರಲ್ಲಿ ಕಾಲಲ್ಲಿ ಒತ್ತಿದರೆ ನುಡಿಸುತ್ತಿರುವಾಗಲೇ ತಂತಿಯ ಸ್ವರ ಬದಲಾಗುತ್ತದೆ. ನಮ್ಮದರಲ್ಲಿ ಆ ಸೌಲಭ್ಯ ಇಲ್ಲ. ಕೂರುವಾಗ ಯಾವ ಆರು ಸ್ವರ ಕಟ್ಟಿದ್ದೀವೋ ಹಾಡು ಮುಗಿಯುವವರೆಗೆ ಅವೇ. ಬಾರ್ ನೇರ ಕಡ್ಡಿ, ಅದು ಒಂದೇ ಗೆರೆಯ ಮೇಲೆ ಇರುತ್ತದೆ. ಹಾಗಾಗಿ ಯಾವ ಸ್ವರಗಳು ಒಟ್ಟಿಗೆ ಸಿಗಬೇಕು ಅನ್ನುವುದು ಶ್ರುತಿ ಕಟ್ಟುವಾಗಲೇ ತೀರ್ಮಾನ ಆಗಿಬಿಡುತ್ತದೆ.

ನಾನು ಪೀಣ್ಯದ ಒಂದು ಟೂಲ್‌ರೂಮ್‌ನಲ್ಲಿ ಕೆಲಸ ಮಾಡುವವನು. ಹಗಲೆಲ್ಲಾ ಕೈಯಲ್ಲಿ ಮೈಕ್ರೋಮೀಟರ್, ಸಂಜೆ ಗಿಟಾರ್. ನವೆಂಬರ್ ಬಂದರೆ ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಭಾವಗೀತೆಗೆ ಕೂರುತ್ತೇನೆ. ಈ ಎರಡು ಕೆಲಸಕ್ಕೂ ಹಳೇ ನಂಟಿದೆ ಅನ್ನುವುದು ನನಗೆ ಬಹಳ ಖುಷಿಯ ವಿಷಯ. ಹವಾಯಿಯ ಜೋಸೆಫ್ ಕೆಕುಕು ಅನ್ನುವ ಹುಡುಗ 1889ರ ಸುಮಾರಿಗೆ ಗಿಟಾರ್ ತಂತಿ ಮೇಲೆ ಕಬ್ಬಿಣ ಜಾರಿಸಿ ನುಡಿಸೋದನ್ನು ಕಂಡುಕೊಂಡ ಅಂತ ಹೇಳುತ್ತಾರೆ. ಆಮೇಲೆ ತನಗೆ ಬೇಕಾದ ಬಾರ್ ಅನ್ನು ಶಾಲೆಯ ವರ್ಕ್‌ಶಾಪ್‌ನಲ್ಲೇ ಮಾಡಿಕೊಂಡನಂತೆ. ಅಲ್ಲಿಂದ ಈ ವಾದ್ಯ ಊರೂರು ಸುತ್ತಿತು. ಹವಾಯಿಯನ್ ಸಂಗೀತಗಾರರಾದ ಟೌ ಮೋ ಕುಟುಂಬ 1940ರ ದಶಕದಲ್ಲಿ ಕೋಲ್ಕತ್ತಾದಲ್ಲಿ ನೆಲೆಸಿ ನುಡಿಸಿತು, ಕಲಿಸಿತು. ಬ್ರಿಜ್ ಭೂಷಣ್ ಕಾಬ್ರಾ ಇದರಲ್ಲಿ ಪೂರ್ತಿ ಹಿಂದೂಸ್ತಾನಿ ರಾಗ ನುಡಿಸಿ ತೋರಿಸಿದರು. ವಿಶ್ವಮೋಹನ ಭಟ್ಟರು ಇದಕ್ಕೆ ತರಬ್ ತಂತಿಗಳನ್ನೂ (ಮೀಟದೆ ತಾನಾಗೇ ಅನುರಣಿಸುವ ತಂತಿಗಳು) ಸೇರಿಸಿ ಮೋಹನ ವೀಣೆ ಮಾಡಿದರು. ಮೆಟ್ಟಿಲಿಲ್ಲದ ವೀಣೆಯಂಥ ನಮ್ಮ ಗೋಟುವಾದ್ಯವಂತೂ ತನ್ನ ದಾರಿಯಲ್ಲಿ ಇದೇ ಕೆಲಸ ಮಾಡುತ್ತಾ ಬಂದಿದೆ.

ಈಗ ಉದ್ದದ ವಿಷಯ. 1932ರಲ್ಲಿ ಮಾರಾಟಕ್ಕೆ ಬಂದ ರಿಕೆನ್‌ಬ್ಯಾಕರ್ 'ಫ್ರೈಯಿಂಗ್ ಪ್ಯಾನ್' ಮೊದಲ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಒಂದು, ಅದೂ ಲ್ಯಾಪ್ ಸ್ಟೀಲೇ. ಅದು ಎರಡು ಅಳತೆಯಲ್ಲಿ ಸಿಗುತ್ತಿತ್ತು, 22.5 ಇಂಚು ಮತ್ತು 25 ಇಂಚು. ನೋಡೋಕೆ ಎರಡೂವರೆ ಇಂಚಿನ ವ್ಯತ್ಯಾಸ ಅಷ್ಟೇ. ಆದರೆ ಅದೇ ತಂತಿ, ಅದೇ ಸ್ವರ, ಉದ್ದ ಮಾತ್ರ ಜಾಸ್ತಿ ಅಂದರೆ ಬಿಗಿತ ಉದ್ದದ ವರ್ಗದಂತೆ ಏರುತ್ತದೆ. ಪಿಯುಸಿ ಲ್ಯಾಬ್‌ನ ಸೋನೋಮೀಟರ್ ನೆನಪಿದೆಯಾ? ತೂಕ ನೇತುಹಾಕಿ, ಕಾಗದದ ಚೂರು ಹಾರುವವರೆಗೆ ಕುದುರೆ ಸರಿಸುತ್ತಿದ್ದೆವಲ್ಲ, ಅದೇ ಲೆಕ್ಕ. 22.5 ಇಂಚಿಗೆ ಸರಿಹೋಗುವ ಸೆಟ್ಟನ್ನು 25.5 ಇಂಚಿನ ಮಾಮೂಲಿ ಗಿಟಾರ್‌ಗೆ ಹಾಕಿದರೆ ಎಳೆತ ಶೇಕಡಾ 28ರಷ್ಟು ಹೆಚ್ಚುತ್ತದೆ. ಮರದ ಅಕೂಸ್ಟಿಕ್ ಗಿಟಾರ್‌ಗೆ ನಟ್ ಎತ್ತರಿಸಿ ಸ್ಟೀಲ್ ಮಾಡಿಕೊಂಡವರ ಕುದುರೆ ಕಿತ್ತು ಬರುವುದು ಇದರಿಂದಲೇ.

ನಾನು ಕಟ್ಟುವುದು ಸಿ6 ಅನ್ನುವ ಶ್ರುತಿ. ಮೇಲಿನ ಸಣ್ಣ ತಂತಿಯಿಂದ ಕೆಳಕ್ಕೆ ಇ, ಸಿ, ಎ, ಜಿ, ಇ, ಸಿ. ಅಮೆರಿಕದ ಸ್ಟೀಲ್ ಗಿಟಾರ್ ವಾದಕ ಜೆರ್ರಿ ಬರ್ಡ್ ಅವರ ಕೈಯಲ್ಲಿ ಬೆಳಗಿದ ಶ್ರುತಿ ಇದು. ನಮ್ಮ ಲೆಕ್ಕದಲ್ಲಿ ಸಿ ಷಡ್ಜ ಆದರೆ ಗ, ಸ, ದ, ಪ, ಗ, ಸ. ಅಂತರ ಗಾಂಧಾರ, ಚತುಶ್ರುತಿ ಧೈವತ. ಅಂದರೆ ಮೋಹನದಲ್ಲಿ ರಿಷಭ ಒಂದು ಬಿಟ್ಟು ಉಳಿದಿದ್ದೆಲ್ಲಾ ತೆರೆದ ತಂತಿಯಲ್ಲೇ ಕೂತಿದೆ! ಇನ್ನೂ ಒಂದು ಸೊಗಸು ಇದೆ. ಅದೇ ಆರು ತಂತಿಯಲ್ಲಿ ಎ ಸ್ವರವನ್ನು ಷಡ್ಜ ಅಂದುಕೊಳ್ಳಿ. ಆಗ ಸಿ ಸಾಧಾರಣ ಗಾಂಧಾರ, ಇ ಪಂಚಮ, ಜಿ ಕೈಶಿಕಿ ನಿಷಾದ. ಮಧ್ಯಮ ಒಂದು ಸೇರಿಸಿದರೆ ಶುದ್ಧ ಧನ್ಯಾಸಿ. ಒಂದೂ ಬಿರಡೆ ತಿರುಗಿಸದೆ ಎರಡು ರಾಗದ ಬಾಗಿಲು ತೆರೆಯುತ್ತದೆ. ಭಾವಗೀತೆಗೆ ಇದಕ್ಕಿಂತ ಅನುಕೂಲದ ಶ್ರುತಿ ನಾನು ಕಂಡಿಲ್ಲ.

ತಂತಿಗೆ ನಾನು ಹೋಗುವುದು ಬಳೇಪೇಟೆಗೆ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಸ್ವಲ್ಪ ನಡೆದರೆ ಆಯಿತು. ತಬಲ, ಹಾರ್ಮೋನಿಯಂ, ವೀಣೆಗಳ ನಡುವೆ ತಂತಿ ಸುರುಳಿಗಳು ಸಿಗುತ್ತವೆ.

"ಯಾವ ನಂಬರ್ ಕೊಡ್ಲಿ ಸಾರ್, ವೀಣೆಗಾ?"

"ಗಿಟಾರ್‌ಗೆ ಅಣ್ಣ. 28, 26, 24 ಒಂದೊಂದು ಸುರುಳಿ ಕೊಡಿ. ಜರ್ಮನ್ ವೈರೇ ಇರಲಿ."

"ಗಿಟಾರ್‌ಗೆ 24ಆ? ಕೈ ಕುಯ್ಯುತ್ತೆ ಸಾರ್!"

ಬೆರಳಲ್ಲಿ ಒತ್ತಿದರೆ ಖಂಡಿತ ಕುಯ್ಯುತ್ತದೆ. ಆದರೆ ನಾವು ಒತ್ತುವುದೇ ಇಲ್ಲವಲ್ಲ.

ವೀಣೆ ತಂತಿಯ ನಂಬರ್ ಎಸ್‌ಡಬ್ಲ್ಯೂಜಿ ಅನ್ನುವ ಹಳೇ ಬ್ರಿಟಿಷ್ ಗೇಜ್. ನಂಬರ್ ದೊಡ್ಡದಾದಷ್ಟೂ ತಂತಿ ಸಣ್ಣ. ಗಿಟಾರ್ ತಂತಿಯದು ಇಂಚಿನ ಸಾವಿರದ ಲೆಕ್ಕ, ನಮ್ಮ ಟೂಲ್‌ರೂಮ್ ಭಾಷೆಯಲ್ಲಿ ಥೌ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. 28 ನಂಬರ್ ಅಂದರೆ 14.8 ಥೌ, 0.376 ಮಿಲಿಮೀಟರ್. 26 ನಂಬರ್ ಸರಿಯಾಗಿ 18 ಥೌ. 24 ನಂಬರ್ ಸರಿಯಾಗಿ 22 ಥೌ. ಸಿ6 ಶ್ರುತಿಯ ಮೇಲಿನ ಮೂರು ತಂತಿಗೆ ಬೇಕಾದದ್ದು 15, 18, 22. ವೀಣೆ ಅಂಗಡಿಯಲ್ಲಿ ನಮ್ಮ ಸೆಟ್ ಅರ್ಧ ತಯಾರಾಗಿಯೇ ಇದೆ! ಮನೆಗೆ ತಂದು ಮೈಕ್ರೋಮೀಟರ್ ಇಟ್ಟು ನೋಡಿಯೇ ಹಾಕುತ್ತೇನೆ. ಸುರುಳಿಯ ಎರಡು ಮೂರು ಕಡೆ ಅಳೆಯಬೇಕು. ಎಲ್ಲ ಕಡೆ ಒಂದೇ ದಪ್ಪ ಇದ್ದರೆ ಮಾತ್ರ ಮೇಲೆ ಹೋದಾಗಲೂ ಸ್ವರ ಶುದ್ಧವಾಗಿರುತ್ತದೆ. 24 ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. 25 ಸಿಕ್ಕರೂ ನಡೆಯುತ್ತದೆ, ಅದು 20 ಥೌ, ಸ್ವಲ್ಪ ಸಡಿಲ ಅಷ್ಟೇ. ಸುರುಳಿ ತಂತಿಗೆ ತುದಿಯಲ್ಲಿ ಗುಂಡು ಇರುವುದಿಲ್ಲ. ಹಳೇ ಗಿಟಾರ್ ತಂತಿಯ ಹಿತ್ತಾಳೆ ಗುಂಡು ಬಿಡಿಸಿ, ತಂತಿಯನ್ನು ಅದರ ಸುತ್ತ ಒಂದು ಸುತ್ತು ತಂದು, ನೋಸ್ ಪ್ಲೈಯರ್‌ನಲ್ಲಿ ಹಿಡಿದು ಬಿಗಿಯಾಗಿ ಹೊಸೆಯಬೇಕು.

ಕೆಳಗಿನ ಮೂರಕ್ಕೆ ಸುತ್ತು ತಂತಿ (ಉಕ್ಕಿನ ಎಳೆಯ ಮೇಲೆ ಇನ್ನೊಂದು ತಂತಿ ಸುತ್ತಿದ್ದು) ಬೇಕು. ವೀಣೆಯ ಹಿತ್ತಾಳೆ ತಂತಿ ಎಲೆಕ್ಟ್ರಿಕ್ ಸ್ಟೀಲ್‌ಗೆ ಆಗುವುದಿಲ್ಲ, ಪಿಕಪ್‌ನ (ತಂತಿಯ ಕಂಪನ ಹಿಡಿಯುವ ಭಾಗ) ಅಯಸ್ಕಾಂತಕ್ಕೆ ಅದು ಸಿಗುವುದಿಲ್ಲ. ಮಾಮೂಲಿ ಎಲೆಕ್ಟ್ರಿಕ್ ಗಿಟಾರ್‌ನ ಒಂದು 9ರ ಸೆಟ್, ಒಂದು 10ರ ಸೆಟ್ ತಗೊಳ್ಳಿ. ಸೆಟ್ಟಿನ ಅತಿ ಸಣ್ಣ ತಂತಿಯ ಥೌ ಲೆಕ್ಕವೇ ಅದರ ಹೆಸರು, ಇಲ್ಲಿಂದ ಮುಂದಿನ ಈ ಸುತ್ತು ತಂತಿಗಳ ಅಂಕಿಗಳೂ ಥೌ. 9ರ ಸೆಟ್‌ನಲ್ಲಿ 24, 32, 42 ಇರುತ್ತವೆ. 10ರದ್ದರಲ್ಲಿ 26, 36, 46. ಜಿ ಸ್ವರಕ್ಕೆ 26, ಕೆಳಗಿನ ಇ ಸ್ವರಕ್ಕೆ 32, ಸಿ ಸ್ವರಕ್ಕೆ 42 ಹಾಕಿ. 22.5 ಇಂಚಿಗೆ ಲೆಕ್ಕ ಹಾಕಿದರೆ ಆರೂ ತಂತಿಗಳ ಎಳೆತ ಸುಮಾರು 11.5 ಕಿಲೋದಿಂದ 13 ಕಿಲೋ ಒಳಗೇ ನಿಲ್ಲುತ್ತದೆ. ಸುತ್ತು ತಂತಿಯ ತೂಕ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ, ಆದರೂ ಇದರ ಹತ್ತಿರವೇ ಬರುತ್ತದೆ.

ಈ ಸಮ ಎಳೆತಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಬಾರ್. ಅದು ಹೆಚ್ಚುಕಡಿಮೆ 200 ಗ್ರಾಂ ಇರುತ್ತದೆ, ಆರು ತಂತಿ ಮೇಲೂ ಒಟ್ಟಿಗೆ ಕೂರುತ್ತದೆ. ಒಂದು ತಂತಿ ಸಡಿಲ ಇದ್ದರೆ ಅದು ಬಾರ್ ಕೆಳಗೆ ಕುಗ್ಗಿ ನಿಲ್ಲುತ್ತದೆ. ಪಕ್ಕದ ಬಿಗಿ ತಂತಿ ಬಾರ್ ಅನ್ನು ಹೊತ್ತುಕೊಳ್ಳುತ್ತದೆ. ಸಡಿಲದ್ದಕ್ಕೆ ಬಾರ್ ಸರಿಯಾಗಿ ತಾಗದೆ ಜಿರ್ ಅನ್ನುತ್ತದೆ. ಅದನ್ನು ನಿಲ್ಲಿಸೋಕೆ ಕೈ ತಾನಾಗೇ ಜೋರಾಗಿ ಒತ್ತುತ್ತದೆ, ಒತ್ತಿದ ಕೂಡಲೇ ಸ್ವರ ಏರುತ್ತದೆ. ಎಷ್ಟೋ ಜನ ತಮ್ಮ ಕೈ ಸರಿಯಿಲ್ಲ ಅಂತ ಕೊರಗುತ್ತಾರೆ. ಕೈ ಚೆನ್ನಾಗೇ ಇರುತ್ತದೆ, ತೊಂದರೆ ಇರುವುದು ತಂತಿಯಲ್ಲಿ.

ಒಂದು ಉದಾಹರಣೆ. ಹಳೇ ಹವಾಯಿಯನ್ ಎ ಮೇಜರ್ ಶ್ರುತಿ ಇದೆ. ಮೇಲಿನಿಂದ ಇ, ಸಿ ಶಾರ್ಪ್, ಎ, ಇ, ಸಿ ಶಾರ್ಪ್, ಎ. ಎ ಷಡ್ಜವಾದರೆ ಬರೀ ಸ, ಗ, ಪ. ಭಜನೆಗೆ, ಒಂದೇ ಷಡ್ಜ ಹಿಡಿದು ಆಲಾಪ ಮಾಡುವುದಕ್ಕೆ ಇದು ತುಂಬಾ ಚೆಂದ. ಸಿ6 ತಂತಿಗಳಲ್ಲೇ ಇದನ್ನು ಕಟ್ಟಿದಿರಿ ಅಂದುಕೊಳ್ಳಿ. ಮೇಲಿನ ಮೂರು ಹೊಂದಿಕೊಳ್ಳುತ್ತವೆ. ನಾಲ್ಕನೆಯದು ಜಿ ಸ್ವರದಿಂದ ಇ ಸ್ವರಕ್ಕೆ ಇಳಿಯುತ್ತದೆ. 26ರ ತಂತಿಯ ಎಳೆತ ಆಗ ಸುಮಾರು 8 ಕಿಲೋಗೆ ಬಿದ್ದುಹೋಗುತ್ತದೆ, ಪಕ್ಕದ್ದು 12 ಕಿಲೋದಲ್ಲಿ ನಿಂತಿರುತ್ತದೆ. ಜಿರ್ ಶುರು. ಆ ಜಾಗಕ್ಕೆ 32 ಹಾಕಿ, ಐದಕ್ಕೆ 36, ಆರಕ್ಕೆ 46. ಎಲ್ಲಾ ಅದೇ ಎರಡು ಸೆಟ್‌ಗಳಲ್ಲೇ ಇವೆ. ಶ್ರುತಿ ಬದಲಿಸಿದರೆ ತಂತಿಯೂ ಬದಲಾಗಬೇಕು, ಇಷ್ಟನ್ನು ಮನಸ್ಸಲ್ಲಿ ಇಟ್ಟುಕೊಂಡರೆ ಸಾಕು.

25.5 ಇಂಚಿನವರಿಗೆ ಬಳೇಪೇಟೆ ಲೆಕ್ಕ ಇನ್ನೂ ಸುಲಭ. ಒಂದೊಂದು ನಂಬರ್ ಮೇಲೆ ಹೋಗಿ: 28 ಬದಲು 29, 26 ಬದಲು 27, 24 ಬದಲು 25. ಎಳೆತ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತದೆ. ಕೆಳಗಿನ ಮೂರನ್ನೂ ಅದೇ ಥರ ಒಂದು ಹಂತ ಸಣ್ಣದು ಮಾಡಿಕೊಳ್ಳಿ.

ತುಂಬಾ ಜನ ನಂಬಿರುವ ಒಂದು ಮಾತನ್ನು ಇಲ್ಲಿ ತಿದ್ದಲೇಬೇಕು. ಸಿ6 ಮೇಲೆ ಇನ್ನೊಂದು ಜಿ ಸ್ವರ ಬೇಕು ಅಂತ ಕೆಲವರಿಗೆ ಆಸೆ, ಅದು 392 ಹರ್ಟ್ಸ್. ತಂತಿ ಪಟ್ ಅಂತ ಹೋದರೆ "ಇನ್ನೂ ಸಣ್ಣ ತಂತಿ ಹಾಕಿ" ಅನ್ನುತ್ತಾರೆ. ಸಣ್ಣ ಹಾಕಿದರೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ತಂತಿ ಸಣ್ಣ ಆದರೆ ಎಳೆತ ಕಡಿಮೆ, ಸರಿ. ಆದರೆ ಆ ಎಳೆತ ಹೊರುವ ಉಕ್ಕೂ ಅಷ್ಟೇ ಕಡಿಮೆ. ಚದರ ಮಿಲಿಮೀಟರಿಗೆ ಬೀಳುವ ಭಾರ ಸ್ವರ ಮತ್ತು ಉದ್ದದ ಮೇಲೆ ನಿಂತಿದೆ, ದಪ್ಪದ ಮೇಲೆ ಅಲ್ಲ. 22.5 ಇಂಚಿನಲ್ಲಿ ಮೇಲಿನ ಇ ಸ್ವರಕ್ಕೆ ಅದು ಸುಮಾರು 114 ಕಿಲೋ. ಮೇಲಿನ ಜಿ ಸ್ವರಕ್ಕೆ 160. 25.5 ಇಂಚಿನಲ್ಲಿ ಅದೇ ಜಿ ಸ್ವರಕ್ಕೆ 206. ಒಳ್ಳೆಯ ಮ್ಯೂಸಿಕ್ ವೈರ್ 250ರ ಆಸುಪಾಸಿನಲ್ಲಿ ತುಂಡಾಗುತ್ತದೆ. ಕುದುರೆ ಹತ್ತಿರ ಒಂದು ಚೂಪು ಅಂಚು ಇದ್ದರೆ ಅದಕ್ಕೂ ಮೊದಲೇ ಹೋಗುತ್ತದೆ. ಆ ಸ್ವರ ಬೇಕೇ ಬೇಕು ಅಂದರೆ ಚಿಕ್ಕ ಗಿಟಾರ್ ತಗೊಳ್ಳಿ. ಮತ್ತೆ ಕುದುರೆಯ ಅಂಚನ್ನು ಸಣ್ಣ ಫೈಲ್‌ನಲ್ಲಿ ಒಮ್ಮೆ ನಯ ಮಾಡಿ.

ಹಾಡುವವರ ಶ್ರುತಿ ಒಂದೂವರೆ ಮನೆ (ಸಿ ಶಾರ್ಪ್) ಅಂದರೆ ಬಾರ್ ಅನ್ನು ಒಂದು ಗೆರೆ ಮುಂದೆ ಇಟ್ಟರೂ ನಡೆಯುತ್ತದೆ. ಆದರೆ ತೆರೆದ ತಂತಿಯ ಮೊಳಗು ತಪ್ಪಿಹೋಗುತ್ತದೆ, ಅದು ನನಗೆ ಒಪ್ಪುವುದಿಲ್ಲ. ಆರೂ ತಂತಿಯನ್ನು ಅರ್ಧ ಮನೆ ಏರಿಸುತ್ತೇನೆ. ಎಳೆತ ಶೇಕಡಾ 12ರಷ್ಟು ಹೆಚ್ಚುತ್ತದೆ, ಗಟ್ಟಿ ಮರದ ಲ್ಯಾಪ್ ಸ್ಟೀಲ್ ತಡೆದುಕೊಳ್ಳುತ್ತದೆ.

ಬಾರ್ ಬಗ್ಗೆಯೂ ಹೇಳಿಬಿಡುತ್ತೇನೆ. ಹೊರಗಿನಿಂದ ತರಿಸಿದರೆ ದುಬಾರಿ. ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ 20 ಎಂಎಂ ದಪ್ಪ, 80 ಎಂಎಂ ಉದ್ದದ ಹಾರ್ಡನ್ ಮಾಡಿದ ಡೋವೆಲ್ ಪಿನ್ ಕೇಳಿ. ಡೈ ಮಾಡುವವರು ಬಳಸುವ ಪಿನ್ ಅದು. ಗ್ರೈಂಡ್ ಮಾಡಿರುತ್ತಾರೆ, ತಂತಿ ಉಜ್ಜಿ ಗೀರು ಬೀಳುವುದಿಲ್ಲ, ತೂಕ ಸುಮಾರು 197 ಗ್ರಾಂ. 1200ರ ಎಮರಿ ಹಾಕಿ, ಬಫಿಂಗ್ ಮಾಡಿಸಿ. ಮೆತ್ತಗಿನ ಸ್ಟೇನ್‌ಲೆಸ್ ರಾಡ್ ಲೇತ್‌ನಲ್ಲಿ ಹೊಡೆದು ಮಾಡಿದ್ದಕ್ಕಿಂತ ಇದು ಎಷ್ಟೋ ಮೇಲು.

ಕೊನೆಗೆ ಶ್ರುತಿ ಸೇರಿಸುವುದು. ಫೋನಿನ ಟ್ಯೂನರ್ ಮುಳ್ಳನ್ನು ನಟ್ಟನಡುವೆ ನಿಲ್ಲಿಸಿ ಬಿಡಬೇಡಿ. ಸಿ ಸ್ವರದ ತಂಬೂರ ಹಾಕಿಕೊಂಡು ಕಿವಿಯಲ್ಲಿ ಸೇರಿಸಿ. ತಂಬೂರದ ಷಡ್ಜದೊಳಗಿಂದ ತಾನಾಗೇ ಕೇಳುವ ಗಾಂಧಾರಕ್ಕೆ ಇ ತಂತಿ ಸೇರಿದಾಗ ಟ್ಯೂನರ್ ಸುಮಾರು 14 ಸೆಂಟ್ (ಅರ್ಧ ಮನೆಯ ನೂರನೇ ಒಂದು ಪಾಲು ಒಂದು ಸೆಂಟ್) ಕಡಿಮೆ ತೋರಿಸುತ್ತದೆ. ಎ ಸ್ವರ ಸುಮಾರು 16 ಸೆಂಟ್ ಕಡಿಮೆ. ಅದೇ ಸರಿ. ಬಾರ್ ಎಲ್ಲಾ ತಂತಿಯನ್ನೂ ಒಟ್ಟಿಗೆ ನುಡಿಸುವುದರಿಂದ ಆ ಸಣ್ಣ ವ್ಯತ್ಯಾಸ ಇಲ್ಲಿ ಎದ್ದು ಕೇಳುತ್ತದೆ. ಹೀಗೆ ಸೇರಿಸಿದ ಮೇಲೆ ಎ ಸ್ವರವನ್ನು ಷಡ್ಜ ಮಾಡಿಕೊಂಡು ಶುದ್ಧ ಧನ್ಯಾಸಿ ಹಿಡಿಯಿರಿ. ಅಲ್ಲೂ ಪಂಚಮ, ಗಾಂಧಾರ ಎರಡೂ ಸರಿಯಾಗಿ ಕೂತಿರುತ್ತವೆ, ಮತ್ತೆ ಬಿರಡೆ ಮುಟ್ಟಬೇಕಾಗಿಲ್ಲ.