ಕುಮಾರಪರ್ವತಕ್ಕೆ ಹೊರಟವರು ಮೊದಲು ಸಾಕ್ಸ್ ನೋಡಿಕೊಳ್ಳಿ

ಕುಕ್ಕೆ ಕಡೆಯಿಂದ ಕುಮಾರಪರ್ವತ ಹತ್ತಿದ್ದು ಎರಡು ಸಲ. ಮೊದಲ ಸಲ ಹಗುರ ಹೈಕಿಂಗ್ ಶೂಗೆ ಕೈತುಂಬ ದುಡ್ಡು ಕೊಟ್ಟು, ಸಾಕ್ಸ್ ಮಾತ್ರ ಆಫೀಸಿಗೆ ಹಾಕುವ ಕಾಟನ್ನಿನದೇ ಸಾಕು ಅಂದುಕೊಂಡೆ. ದಾರಿಯಲ್ಲಿ ಚಾರಣಿಗರು ಊಟಕ್ಕೆ ನಿಲ್ಲುವ ಗಿರಿಗದ್ದೆಯ ಭಟ್ಟರ ಮನೆ ಮುಟ್ಟುವಷ್ಟರಲ್ಲಿ ಎಡ ಹಿಮ್ಮಡಿ ಚುರುಚುರು. ಶೂ ಬಿಚ್ಚಿ ನೋಡಿದರೆ ಸಾಕ್ಸ್ ಹಿಂಡುವಷ್ಟು ಒದ್ದೆ, ಹಿಮ್ಮಡಿ ಮೇಲೆ ಎಂಟಾಣೆ ಅಗಲದ ಬೊಬ್ಬೆ. ಅರ್ಧ ದಾರಿಯೂ ಆಗಿರಲಿಲ್ಲ.

ಶೂ ಮೇಲೆ ಸಿಟ್ಟು ಬಂದಿತ್ತು, ಆದರೆ ತಪ್ಪು ಅದರದ್ದಲ್ಲ. ಕಾಟನ್ ಬೆವರು ಕುಡಿದು ಹಾಗೇ ಇಟ್ಟುಕೊಳ್ಳುತ್ತದೆ. ಒದ್ದೆಯಲ್ಲಿ ನೆನೆದು ಮೆತ್ತಗಾದ ಚರ್ಮವನ್ನು ಮುದುರಿದ ಬಟ್ಟೆ ಉಜ್ಜುತ್ತಲೇ ಇರುತ್ತದೆ. ಮೊದಲ ಐದಾರು ಕಿಲೋಮೀಟರ್ ದಟ್ಟ ಕಾಡಿನ ಏರು ಬೇರೆ. ಡಿಸೆಂಬರಿನಲ್ಲೂ ಬೆವರು ಇಳಿಯುತ್ತದೆ.

ಎರಡನೇ ಸಲ ಮೆರಿನೊ ಕುರಿಯ ಉಣ್ಣೆಗೆ ನೈಲಾನ್ ಬೆರೆಸಿದ ಜೋಡಿ ಹಾಕಿದೆ. "ಈ ಸೆಕೇಲಿ ಉಣ್ಣೇನಾ ಮಾರಾಯಾ!" ಅಂತ ಭಾವ ನಕ್ಕರು. ತೆಳು ಉಣ್ಣೆ ಸೆಕೆಯಾಗುವುದಿಲ್ಲ, ಒದ್ದೆಯಾದರೂ ಕಾಲಿಗೆ ಅಂಟುವುದಿಲ್ಲ, ಎರಡನೇ ದಿನಕ್ಕೂ ಅಷ್ಟಾಗಿ ನಾರುವುದಿಲ್ಲ. ಬೆಲೆ ಜಾಸ್ತಿ ಅನ್ನಿಸಿದರೆ ಪಾಲಿಯೆಸ್ಟರ್–ನೈಲಾನಿನದು ತಗೊಳ್ಳಿ. ಬೇಗ ಒಣಗುತ್ತದೆ, ವಾಸನೆ ಮಾತ್ರ ಜೊತೆಗಿರುವವರು ಸಹಿಸಬೇಕು.

ದಪ್ಪಗಿದ್ದರೆ ಮೆತ್ತಗಿರುತ್ತದೆ ಅಂತ ಟವೆಲ್ಲಿನಂಥ ಸಾಕ್ಸ್ ತರಬೇಡಿ. ಹಗುರ ಶೂನಲ್ಲಿ ಅಷ್ಟು ಜಾಗ ಇರುವುದಿಲ್ಲ. ಬೆರಳು ಬಿಗಿಯುತ್ತದೆ, ಪಾದ ಜೋಮು ಹಿಡಿಯುತ್ತದೆ. ಬೆಟ್ಟಕ್ಕೆ ಹಾಕುವ ಸಾಕ್ಸನ್ನೇ ಹಾಕಿಕೊಂಡು, ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತಿಗೆ ಶೂ ನೋಡಲು ಹೋಗಿ. ಬೆಟ್ಟದ ತುದಿ 1712 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಶೇಷಪರ್ವತ ದಾಟಿ ಇಳಿಯುವಾಗ ಹೆಬ್ಬೆರಳು ಶೂ ಮೂತಿಗೆ ಹೊಡೆದೂ ಹೊಡೆದೂ ಉಗುರು ಕಪ್ಪಾಗುತ್ತದೆ. ಮುಂದೆ ಒಂದು ಬೆರಳಿನಷ್ಟು ಜಾಗವಿರಲಿ, ಉಗುರು ಎರಡು ದಿನ ಮೊದಲೇ ಕತ್ತರಿಸಿಕೊಳ್ಳಿ.

ಗಿಡ್ಡ ಸಾಕ್ಸ್ ಅಂತೂ ಬೇಡವೇ ಬೇಡ. ಭಟ್ಟರ ಮನೆ ಕಳೆದ ಮೇಲೆ ಬಯಲು ಹುಲ್ಲುಗಾವಲು. ಒಣಹುಲ್ಲಿನ ಬೀಜ ಸೂಜಿಯ ಹಾಗೆ ನೇಯ್ಗೆಯೊಳಗೆ ನುಗ್ಗಿ, ಹೆಜ್ಜೆ ಹೆಜ್ಜೆಗೂ ಚುಚ್ಚುತ್ತದೆ. ಹೊರಗಿನಿಂದ ಎಳೆದರೆ ಬಾಲ ಮಾತ್ರ ಕೈಗೆ ಬರುತ್ತದೆ, ಒಳಗಿನಿಂದ ತಿರುವಿಯೇ ತೆಗೆಯಬೇಕು. ಮೀನಖಂಡದವರೆಗೆ ಬರುವ ಸಾಕ್ಸ್ ಹಾಕಿ, ಪ್ಯಾಂಟಿನ ತುದಿ ಅದರೊಳಗೆ ಸಿಕ್ಕಿಸಿ. ನೋಡಲು ಚೆಂದವಿಲ್ಲ, ಆದರೆ ಉಣುಗು ಮೇಲೆ ಹತ್ತುವುದು ಕಷ್ಟವಾಗುತ್ತದೆ. ಮಲೆನಾಡಿನ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ ಅನ್ನುವುದು ನೆನಪಿರಲಿ.

ಮಳೆ ಬಿಟ್ಟ ಹೊಸತರಲ್ಲಿ ಇಂಬಳದ ಕಾಟ. ಮಾಮೂಲಿ ಸಾಕ್ಸಿನ ನೇಯ್ಗೆಯಲ್ಲಿ ಅವು ದಾರದಂತೆ ತೆಳುವಾಗಿ ನುಸುಳಿಬಿಡುತ್ತವೆ. ಒತ್ತಾಗಿ ನೇಯ್ದ ಬಟ್ಟೆಯ ಲೀಚ್ ಸಾಕ್ಸ್ ಮೇಲಿಂದ ಹಾಕಿದರೆ ವಾಸಿ. ಊರವರು ಹೊಗೆಸೊಪ್ಪು, ಸುಣ್ಣ ಹಚ್ಚುತ್ತಾರೆ. ಸುಣ್ಣ ಬರಿ ಚರ್ಮಕ್ಕೆ ತಾಗಿಸಬೇಡಿ, ಸುಡುತ್ತದೆ.

ಚಾರಣಕ್ಕೆ ವರ್ಷದ ಕೆಲವು ತಿಂಗಳು ಬಿಡುವುದಿಲ್ಲ, ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ನೋಡಿಯೇ ಬಸ್ ಟಿಕೆಟ್ ಮಾಡಿ.

ಎರಡು ಜೋಡಿ ಸಾಲದು, ಮೂರು ಇರಲಿ: ಒಂದು ಕಾಲಲ್ಲಿ, ಒಂದು ಬ್ಯಾಗಿಗೆ ಪಿನ್ನು ಹಾಕಿ ಒಣಗಲು, ಇನ್ನೊಂದು ರಾತ್ರಿ ಮಲಗಲು. ಭಟ್ಟರ ಮನೆ ಕಳೆದ ಮೇಲೆ ಸಿಗುವ ಕಲ್ಲುಮಂಟಪದಲ್ಲಿ ಕೂತಾಗ ಪಾದ ಗಾಳಿಗೆ ಒಡ್ಡಿ, ಒಣ ಜೋಡಿ ಬದಲಿಸಿ. ಎಲ್ಲಾದರೂ ಬಿಸಿಬಿಸಿ ಅನ್ನಿಸಿದ ಕೂಡಲೇ ನಿಂತು ಟೇಪ್ ಅಂಟಿಸಿ, ಮುಂದಿನ ತಿರುವಿನಲ್ಲಿ ನೋಡೋಣ ಅನ್ನಬೇಡಿ. ನನ್ನ ಮೂರನೇ ಜೋಡಿ ಕಲ್ಲುಮಂಟಪದಲ್ಲೇ ಭಾವನ ಕಾಲು ಸೇರಿತು. ಇನ್ನೂ ವಾಪಸ್ ಬಂದಿಲ್ಲ.